ಹನ್ನೆರಡನೆಯ ಗುಲಗಂಜಿ

ಮೂರನೆಯ ಸಲ ಎಣಿಸಿದಾಗಲೂ ಹನ್ನೊಂದೇ ಆಯಿತು. ಈ ಸಲ ಬಾಯಿಬಿಟ್ಟು, ಮಕ್ಕಳಿಗೆ ಕಲಿಸುವ ರಾಗದಲ್ಲೇ, ತಟ್ಟೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬೆರಳಿನಲ್ಲಿ ಸರಿಸುತ್ತ ಎಣಿಸಿದ್ದಳು. ಹಾಗೆ ಎಣಿಸಿದರೆ ಲೆಕ್ಕಕ್ಕೇ ಸಂಕೋಚವಾಗಿ ಇನ್ನೊಂದು ಕಾಳು ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತದೆ ಎಂಬಂತೆ. ಬರಲಿಲ್ಲ. ಬೀನ್ಸ್, ಕುಂಬಳ, ಸೂರ್ಯಕಾಂತಿ, ಚೆಂಡುಹೂವಿನ ಕಡ್ಡಿಯಂಥ ಬೀಜ ಎಲ್ಲವೂ ತಮ್ಮ ತಮ್ಮ ಬಟ್ಟಲಲ್ಲಿ ಬಿದ್ದುಕೊಂಡಿದ್ದವು. ಅವನ್ನು ಅವಳು ಎಣಿಸಿ ತಂದಿರಲಿಲ್ಲ, ಹಿಡಿಹಿಡಿಯಾಗಿ ಸುರಿದಿದ್ದಳು. ಗುಲಗಂಜಿಯನ್ನು ಮಾತ್ರ ಎಣಿಸಿ ಹಾಕಿದ್ದಳು. ಬೆಳಗ್ಗೆ ಅತ್ತೆಯ ಬೀಜದ ಡಬ್ಬಿಯ ತಳದಲ್ಲಿ ಹಳೆಯ ಕಾಗದದ ಪೊಟ್ಟಣ ಸಿಕ್ಕಿ, ಬಿಚ್ಚಿದರೆ ಕೆಂಪು ಮೈಯ, ಕಪ್ಪು ಕಣ್ಣಿನ ಹನ್ನೆರಡು ಕಾಳು ಅಂಗೈಯಲ್ಲಿ ಹೊಳೆದಾಗ, ಹನ್ನೆರಡು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದಳು. ಯಾಕೆ? ಎಣಿಸಬೇಕು ಅನ್ನಿಸಿದ್ದು ಯಾಕೆ? ಒಳಗಿನ ಯಾವುದೋ ಒಂದು ಮೂಲೆಗೆ ಆಗಲೇ ಗೊತ್ತಿತ್ತು ಅಂತಲ್ಲವೇ? ಗೊತ್ತಿದ್ದೂ ತಂದೆ ಅಂತಲ್ಲವೇ?

ಮಕ್ಕಳು ಆಗ ಹೊರಗಿನ ನಲ್ಲಿಯ ಹತ್ತಿರ ಸಾಲಾಗಿ ಕೈ ತೊಳೆಯುತ್ತಿದ್ದರು. ಆಯಮ್ಮನ ದನಿ ಕೇಳುತ್ತಿತ್ತು, ತೋಳು ಮೇಲೆ ಮಾಡ್ಕೊಳ್ಳೋ, ಅಂಗಿ ಒದ್ದೆ ಮಾಡ್ಕೋಬೇಡವೋ ಎಂದು. ಕೋಣೆಯ ನೆಲದ ತುಂಬ ದಾಸವಾಳದ ಎಸಳು. ಎಂಥ ಚೆಂದದ ಬೆಳಗಾಗಿತ್ತು ಇದು, ಒಂದು ಗಂಟೆಯ ಹಿಂದಿನ ತನಕ. ಹದಿನೆಂಟು ಮಕ್ಕಳಿಗೆ ಹದಿನೆಂಟು ದಾಸವಾಳ. ಎಲ್ಲರೂ ಹೂವನ್ನು ತಮ್ಮ ಕೈಯಿಂದಲೇ ಬಿಡಿಸಿದ್ದರು, ಎಸಳು ಒಂದು ಕಡೆ, ತೊಟ್ಟು ಒಂದು ಕಡೆ, ನಡುವಿನ ಕೋಲು ಒಂದು ಕಡೆ. ಹಳದಿ ಪುಡಿ ಮೂಗಿಗೆ ಮೆತ್ತಿಕೊಂಡು ಸೀನಿದ್ದರು. ಪಟಾಕಿ ಎಂದು ಎಲ್ಲರೂ ಕರೆಯುವ ಹುಡುಗ ಎಸಳಿನ ಬುಡ ಸೀಳಿ ಮೂಗಿನ ಮೇಲೆ ಅಂಟಿಸಿಕೊಂಡು ಹುಂಜವಾಗಿ ಕೋಣೆಯೆಲ್ಲ ಕೂಗಿಕೊಂಡು ಓಡಿದ್ದ. ಆಮೇಲೆ ಬೀಜ ಬೇರ್ಪಡಿಸುವ ಆಟ, ಆಮೇಲೆ ಕಾಗದದ ಲೋಟದಲ್ಲಿ ಮಣ್ಣು ತುಂಬಿ ಬೀನ್ಸ್ ಊರುವುದು. ಶಾಲೆ ನಡೆಸುವ ದೊಡ್ಡ ಮೇಡಂ ಬಾಗಿಲಲ್ಲಿ ಬಂದು ನಿಂತು, ಎಂದೂ ನಗದವರು, ನಕ್ಕಿದ್ದರು. ಆ ನಗುವನ್ನು ಅವಳು ಕಣ್ಣಂಚಿನಲ್ಲಿ ನೋಡಿ, ನೋಡಲಿಲ್ಲವೆಂಬಂತೆ, ಇನ್ನಷ್ಟು ಉತ್ಸಾಹದಿಂದ ತಟ್ಟೆಯಲ್ಲಿ ಕೈಯಾಡಿಸಿ, ಈ ಕೆಂಪು ಬೀಜ ನೋಡಿ ಎಷ್ಟು ಚೆಂದ, ಇದನ್ನ ಬಾಯಿಗೆ ಮಾತ್ರ ಹಾಕಬಾರದು, ಆಯ್ತಾ, ಎಂದಿದ್ದಳು. ಒಂದೇ ಸಲ ಅಂದಿದ್ದಳು. ಅಂದ ದನಿಯಲ್ಲಿ ಮಕ್ಕಳಿಗಿಂತ ಬಾಗಿಲಿಗೆ ಕೇಳಿಸುವ ಆಸೆಯೇ ಹೆಚ್ಚಿತ್ತು.

ಕೋಣೆಯನ್ನೆಲ್ಲ ತಡಕಿದಳು. ಚಾಪೆ ಎತ್ತಿ ಕೊಡವಿದಳು, ಆಟಿಕೆಯ ಬುಟ್ಟಿ ಬೋರಲು ಹಾಕಿದಳು, ಹದಿನೆಂಟು ಲೋಟದ ಮಣ್ಣನ್ನೂ ಪೆನ್ಸಿಲಿನಿಂದ ಕೆದಕಿ ಮತ್ತೆ ಮುಚ್ಚಿದಳು. ಆಯಮ್ಮ ಬಂದವಳು ಏನೂ ಕೇಳದೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿ ಮೂಲೆಮೂಲೆ ಗುಡಿಸಿದಳು. ಒಂದು ಮುರಿದ ಬಳಪ, ಒಂದು ಹೇರ್‌ಪಿನ್ನು, ಕಳೆದ ತಿಂಗಳು ಇಡೀ ಶಾಲೆ ಹುಡುಕಿದ್ದ ಗೊಂಬೆಯ ಚಪ್ಪಲಿ ಸಿಕ್ಕವು. ಮಕ್ಕಳ ಜೇಬುಗಳನ್ನು ನೋಡಿದಳು. ಜೇಬಿನಿಂದ ಎಷ್ಟು ಕಲ್ಲು, ಎಷ್ಟು ದಾರ, ಒಂದು ಸತ್ತ ಜೀರುಂಡೆ. ಕೊನೆಗೆ ಅವರನ್ನೆಲ್ಲ ಸುತ್ತ ಕೂರಿಸಿಕೊಂಡು, ನಗುತ್ತಲೇ, ಗಲ್ಲದ ಸ್ನಾಯು ನಡುಗುವುದು ಅವರಿಗೆ ಕಾಣಬಾರದೆಂದು ಗಟ್ಟಿಯಾಗಿ ನಗುತ್ತಲೇ ಕೇಳಿದಳು, "ಕೆಂಪು ಬೀಜ ಯಾರು ತಿಂದಿದ್ದು? ನಾನು ಬಯ್ಯಲ್ಲ. ಕೈ ಎತ್ತಿ ನೋಡೋಣ."

ಹದಿನೆಂಟೂ ಕೈ ಮೇಲೆದ್ದವು.

"ನಾನು ಎರಡು ತಿಂದೆ ಮಿಸ್," ಎಂದ ಪಟಾಕಿ.

"ನಾನು ನೂರು," ಎಂದಳು ಇನ್ನೊಬ್ಬಳು. ಅಲ್ಲಿಂದ ಅದು ಪಂದ್ಯವಾಗಿಬಿಟ್ಟಿತು. ಇನ್ನೂರು, ಸಾವಿರ, ನಮ್ಮಪ್ಪ ಲಾರಿ ತುಂಬ ತಿಂದ್ರು. ಅವಳು ಅವರೊಂದಿಗೆ ನಕ್ಕೇಬಿಟ್ಟಳು, ನಗುತ್ತಿರುವಾಗಲೇ ಅಂಗಾಲಿನಿಂದ ಚಳಿ ಏರುತ್ತಿತ್ತು. ಹದಿನೆಂಟು ಬಾಯಿ. ಅಷ್ಟೂ ಬಾಯಿಯ ಸಣ್ಣ ಸಣ್ಣ ಹಾಲುಹಲ್ಲು ಅವಳ ಕಣ್ಣಿಗೆ ಮೊದಲ ಸಲ ಹಲ್ಲಾಗಿ, ಅಗಿಯುವ ವಸ್ತುವಾಗಿ ಕಂಡವು.

ದೊಡ್ಡ ಮೇಡಂ ತಮ್ಮ ಕೋಣೆಯಲ್ಲಿ ಅವಳನ್ನು ಕೂರಲು ಹೇಳಲಿಲ್ಲ. ಹೇಳಬಾರದೆಂದಲ್ಲ, ಮರೆತಿದ್ದರು, ಅದು ತನಗೆ ತಿಳಿದಿದ್ದರೂ ಅವಮಾನವಾಯಿತು. "ಎಲ್ಲೋ ಮೂಲೇಲಿ ಬಿದ್ದಿರತ್ತೆ, ಬಿಡಿ," ಎಂದರು.

"ಮೇಡಂ, ಅದು ವಿಷ."

"ಅಂಥದ್ದನ್ನ ಯಾಕೆ ತಂದ್ರಿ?"

"ಚೆನ್ನಾಗಿತ್ತು ಮೇಡಂ."

ಮಾತು ಬಾಯಿಂದ ಬಿದ್ದ ಮೇಲೆ ತಾನೂ ಆ ಹದಿನೆಂಟರಲ್ಲಿ ಒಬ್ಬಳ ಹಾಗೆ ಮಾತಾಡಿದೆ ಅನ್ನಿಸಿತು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾವ ಮಗು ಅಂತ ಗೊತ್ತಿಲ್ಲ. ತಿಂದಿದ್ಯೋ ಇಲ್ವೋ ಅದೂ ಗೊತ್ತಿಲ್ಲ. ಹದಿನೆಂಟು ಮನೆಗೆ ಬೆಂಕಿ ಇಟ್ಟ ಹಾಗೆ ಆಗಲ್ವಾ? ಸಂಜೆ ತನಕ ನೋಡೋಣ." ಕೆಟ್ಟವರಲ್ಲ ಅವರು, ದಣಿದವರು. ಸಂಜೆ ತನಕ ನೋಡೋಣ ಎಂಬ ಮಾತು ಅವಳಿಗೆ ಎಷ್ಟು ಹಿತವಾಗಿತ್ತೆಂದರೆ, ಹಾಗೇ ಆಗಲಿ ಮೇಡಂ ಎನ್ನಲು ಬಾಯಿ ತೆರೆದೂ ಇದ್ದಳು.

ಆಗ ನೆನಪಾದದ್ದು ಹುಣಸೆ ಬೀಜ. ನೆನಪಾಯಿತೆಂದರೆ ತಪ್ಪು, ಅದು ಎಂದೂ ಹೋಗಿರಲಿಲ್ಲ. ಏಳು ವರ್ಷದ ಅವಳು, ನಾಲ್ಕು ವರ್ಷದ ತಮ್ಮ, ಮಂಚದ ಕೆಳಗೆ ಅಂಗಡಿ ಆಟ. ಕಿವಿಯೇ ಗಲ್ಲಾಪೆಟ್ಟಿಗೆ, ಹುಣಸೆ ಬೀಜವೇ ಕಾಸು. ತಮ್ಮ ತಲೆ ಓರೆ ಮಾಡಿ ನಗುತ್ತ ಕೂತಿದ್ದ, ಅವಳೇ ತುರುಕಿದ್ದಳು. ಅವನು ಆ ಸಂಜೆ ಅತ್ತ, ಮರುದಿನ ಅತ್ತ. ನೆಗಡಿಯ ಕಿವಿನೋವು ಎಂದು ಅಮ್ಮ ಬೆಚ್ಚಗಿನ ಎಣ್ಣೆ ಬಿಟ್ಟಳು. ಅವಳು ಬಾಗಿಲ ಸಂದಿಯಿಂದ ನೋಡುತ್ತ ನಿಂತಿದ್ದಳು. ಇವತ್ತು ಸಂಜೆ ಹೇಳೋಣ, ನಾಳೆ ಹೇಳೋಣ, ತಾನಾಗೇ ಬಿದ್ದುಹೋದರೆ ಹೇಳುವುದೇ ಬೇಡವಲ್ಲ. ನಾಲ್ಕನೆಯ ದಿನ ಕೀವು ಬಂತು. ಡಾಕ್ಟರು ಚಿಮ್ಮಟದಿಂದ ಎಳೆದು ತೆಗೆದದ್ದು ಉಬ್ಬಿ, ಸಿಪ್ಪೆ ಬಿರಿದು, ಮೊಳಕೆಗೆ ತಯಾರಾದ ಬೀಜ. ಮಗು ತಾನೇ ಹಾಕ್ಕೊಂಡಿರ್ಬೇಕು ಅಂದರು. ಎಲ್ಲರೂ ಹಾಗೇ ತಿಳಿದರು, ಕೊನೆಗೆ ಅವನೂ. ಈಗಲೂ ಫೋನು ಮಾಡಿದರೆ ಅವನು, ತಡಿ ಅಕ್ಕ, ಕೇಳಿಸೋ ಕಿವಿಗೆ ಹಿಡ್ಕೋತೀನಿ, ಅನ್ನುತ್ತಾನೆ. ಪ್ರತಿ ಸಲವೂ ಅವಳು ಕಾಯುತ್ತಾಳೆ.

"ಇಲ್ಲ ಮೇಡಂ," ಎಂದಳು. "ನಾನು ಗೇಟಿನ ಹತ್ರ ನಿಂತು ಎಲ್ಲರಿಗೂ ಹೇಳ್ತೀನಿ. ನೀವು ಬೇಡ ಅಂದ್ರೂ ಹೇಳ್ತೀನಿ."

ಹೊರಗೆ ಬಂದು ಮೊದಲು ಮಕ್ಕಳ ಡಾಕ್ಟರಿಗೆ ಫೋನು ಮಾಡಿದಳು. ಶಾಲೆಯ ಬೀದಿಯ ಕೊನೆಯಲ್ಲೇ ಅವರ ಕ್ಲಿನಿಕ್ಕು. ಡಾಕ್ಟರು ಒಂದೊಂದೇ ಮಾತು ಬಿಡಿಸಿ ಹೇಳಿದರು. "ಅಗಿದಿದ್ರೆ ಅಪಾಯ. ಅಗೀದೆ ನುಂಗಿದ್ರೆ ಸಾಮಾನ್ಯವಾಗಿ ಹಾಗೇ ಹೊರಗೆ ಬರತ್ತೆ, ಅದರ ಸಿಪ್ಪೆ ಗಟ್ಟಿ. ಆದ್ರೂ ನಂಬ್ಕೊಂಡು ಕೂರೋ ಹಾಗಿಲ್ಲ. ಯಾವ ಮಗು?"

"ಗೊತ್ತಿಲ್ಲ ಡಾಕ್ಟ್ರೇ."

"ಹಾಗಾದ್ರೆ ಒಂದು ಮನೇನೂ ಬಿಡದೆ ಹೇಳಿ. ವಾಂತಿ, ಹೊಟ್ಟೆನೋವು, ಏನೇ ಬಂದ್ರೂ ಒಂದು ನಿಮಿಷ ಕಾಯದೆ ಕರ್ಕೊಂಡು ಬರ್ಲಿ. ನುಂಗಿದ್ದು ಖಾತ್ರಿ ಆದ್ರೆ ಏನೂ ಆಗದೇ ಇದ್ರೂ ಕರ್ಕೊಂಡು ಬರ್ಲಿ."

ಹನ್ನೆರಡೂವರೆಗೆ ಗೇಟು ತೆರೆಯಿತು. ಅಂಗೈಯಲ್ಲಿ ಒಂದು ಗುಲಗಂಜಿ ಇಟ್ಟುಕೊಂಡು ಅವಳು ನಿಂತಳು, ಒಬ್ಬೊಬ್ಬರಿಗೂ ತೋರಿಸಿದಳು. "ಇಂಥದ್ದು ಒಂದು ಕಾಣ್ತಿಲ್ಲ. ಮಗು ನುಂಗಿರಬಹುದು. ಇದು ವಿಷದ ಬೀಜ. ನಾನೇ ತಂದಿದ್ದು." ಮೊದಲ ಸಲ ಹೇಳುವಾಗ ನಾಲಿಗೆ ಅಂಗುಳಕ್ಕೆ ಅಂಟಿತು. ಐದನೆಯ ಸಲಕ್ಕೆ ಮಾತು ತಾನಾಗಿ ಬರತೊಡಗಿತು, ಅದಕ್ಕೂ ನಾಚಿಕೆಯಾಯಿತು. ಒಬ್ಬ ತಾಯಿ ಅಲ್ಲೇ ಮಗುವಿನ ಬಾಯಿ ತೆರೆಸಿ ಬೆರಳು ಹಾಕಿ ನೋಡಿದಳು. ಎತ್ತರದ ಒಬ್ಬ ತಂದೆ, ಪಕ್ಕದ ಬೀದಿಯವರಿಗೂ ಕೇಳುವ ಹಾಗೆ, "ನಿಮ್ಮ ಕೈಗೆ ಮಗು ಕೊಟ್ಟು ಹೋಗ್ತೀವಲ್ಲ, ನಮಗೆ ಬುದ್ಧಿ ಇಲ್ಲ! ಯಾರ್ರೀ ನಿಮ್ಮನ್ನ ಟೀಚರ್ ಮಾಡಿದ್ದು?" ಎಂದ. ಅವಳು ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಕಣ್ಣೀರು ಬೀಳುತ್ತದೆಂದು ಅವನ ಅಂಗಿಯ ಎರಡನೆಯ ಗುಂಡಿಯನ್ನೇ ನೋಡುತ್ತಿದ್ದಳು. ಆಗ ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಯಿತು. ದೊಡ್ಡ ಮೇಡಂ. ಕನ್ನಡಕ ಹಾಕಿಕೊಂಡಿರಲಿಲ್ಲ. "ಮಾಡಿದ್ದು ನಾನು," ಎಂದರು. "ತಪ್ಪು ಇವರೊಬ್ಬರದ್ದಲ್ಲ, ಶಾಲೇದು. ಡಾಕ್ಟರ ನಂಬರು ಬರ್ಕೊಳ್ಳಿ." ತಂದೆ ಬರೆದುಕೊಂಡ.

ಕೊನೆಗೆ ಬಂದದ್ದು ಯಾಕಮ್ಮನ ಅಜ್ಜಿ. ಎಲ್ಲಕ್ಕೂ ಯಾಕೆ ಯಾಕೆ ಎಂದು ಪ್ರಾಣ ತಿನ್ನುವ ಮೊಮ್ಮಗಳಿಗೆ ಆ ಹೆಸರಿಟ್ಟದ್ದು ಆಯಮ್ಮ. ಅಜ್ಜಿ ಮನೆಯಲ್ಲೇ ಬಟ್ಟೆ ಹೊಲಿಯುವವರು. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದಂತೆಯೇ ಬಂದಿದ್ದರು. ಎಲ್ಲ ಕೇಳಿಸಿಕೊಂಡು, ಬೀಜವನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ಮಕ್ಕಳ ಅಂಗಿ ಗುಂಡಿಗಿಂತ ಚಿಕ್ಕದು," ಎಂದರು. ಯಾಕಮ್ಮ ಅಜ್ಜಿಯ ಕೈ ಹಿಡಿದು ಹೊರಟಳು. ಅವರು ತಿರುವಿನಲ್ಲಿ ಮರೆಯಾದ ಮೇಲೆ ಅವಳಿಗೆ ಹೊಳೆಯಿತು: ಇಷ್ಟೆಲ್ಲ ಗದ್ದಲವಾದರೂ ಆ ಹುಡುಗಿ ಬೀಜದ ಆಟ ಮುಗಿದಾಗಿನಿಂದ ಒಂದೇ ಒಂದು ಸಲವೂ ಯಾಕೆ ಎಂದು ಕೇಳಿರಲಿಲ್ಲ.

ಮಧ್ಯಾಹ್ನ, ಸಂಜೆ ಎರಡೂ ಫೋನಿನ ಸುತ್ತ ಕಳೆದವು. ಅಜ್ಜಿಯ ಮೊಬೈಲಿಗೆ ಮೂರು ಸಲ ಫೋನು ಮಾಡಿದಳು, ಯಾರೂ ಎತ್ತಲಿಲ್ಲ. ಐದು ಗಂಟೆಗೆ ಪಟಾಕಿಯ ತಾಯಿ ಫೋನು ಮಾಡಿ, ಮಿಸ್, ವಾಂತಿ ಮಾಡ್ದ, ಎಂದಾಗ ಅವಳು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಅರ್ಧ ಗಂಟೆಯ ಮೇಲೆ ಅದೇ ತಾಯಿ ಕ್ಲಿನಿಕ್ಕಿನಿಂದ ಫೋನು ಮಾಡಿ, "ಎರಡು ಪ್ಯಾಕೆಟ್ ಬಿಸ್ಕತ್ತು ಕದ್ದು ತಿಂದಿದ್ದಾನೆ ಮಿಸ್. ಬಿಸ್ಕತ್ತೇ ಬಂದಿದ್ದು. ಡಾಕ್ಟ್ರು ನೋಡಿದ್ರು, ಏನಿಲ್ವಂತೆ. ಮಾನ ಹೋಯ್ತು," ಎಂದಳು. ಗಂಡ ತಟ್ಟೆ ಹಾಕಿದ, ಅವಳು ಮುಟ್ಟಲಿಲ್ಲ. "ಹೇಳಿದ್ದೀಯಲ್ಲ, ಇನ್ನೇನು ಮಾಡೋಕಾಗತ್ತೆ," ಎಂದ. ನಿಜ, ಹೇಳಿದ್ದಳು. ಹೇಳಿದ ಮೇಲೆ ಭಯ ಕಡಿಮೆಯಾಗಿರಲಿಲ್ಲ, ಆದರೆ ಭಯದ ಕೆಳಗೆ ಯಾವಾಗಲೂ ಇರುವ ಆ ಇನ್ನೊಂದು, ಬಾಗಿಲ ಸಂದಿಯಿಂದ ನೋಡುತ್ತ ನಿಂತದ್ದು, ಈ ಸಲ ಅಲ್ಲಿರಲಿಲ್ಲ. ಕೈಯಾಡಿಸಿ ಹುಡುಕಿದಳು, ಇರಲಿಲ್ಲ.

ಮರುದಿನ ತರಗತಿಗೆ ಏಳು ಮಕ್ಕಳು ಬಂದಿದ್ದರು. ಬಾರದ ಹನ್ನೊಂದರಲ್ಲಿ ಹತ್ತು ಮನೆಗೆ ಬೆಳಗ್ಗೆಯೇ ಫೋನು ಮಾಡಿ ಕ್ಷೇಮ ಕೇಳಿದ್ದಳು. ಕೆಲವರು ಚುಟುಕಾಗಿ, ಕೆಲವರು ಮರುಗಿ ಉತ್ತರ ಕೊಟ್ಟಿದ್ದರು. ಯಾಕಮ್ಮನ ಮನೆಯ ಫೋನು ಇನ್ನೂ ರಿಂಗಾಗುತ್ತಲೇ ಇತ್ತು. ಹನ್ನೊಂದಕ್ಕೆ, ಮಕ್ಕಳು ತಮ್ಮ ಲೋಟಕ್ಕೆ ಚಮಚದಲ್ಲಿ ನೀರು ಬಿಡುತ್ತಿರುವಾಗ, ಅಲ್ಲಿಂದಲೇ ಫೋನು ಬಂತು.

"ಮಿಸ್ಸಮ್ಮಾ, ಸ್ವಲ್ಪ ಮನೆ ಕಡೆ ಬರ್ತೀರಾ?" ಅಜ್ಜಿಯ ದನಿ.

"ಮಗು ಹೇಗಿದೆ ಅಜ್ಜಿ?"

"ಬನ್ನಿ, ಹೇಳ್ತೀನಿ." ಫೋನು ಕಟ್ಟಾಯಿತು.

ಮಕ್ಕಳನ್ನು ಆಯಮ್ಮನಿಗೆ ಒಪ್ಪಿಸಿ ಹೊರಟಳು. ನಡೆದರೆ ಹತ್ತು ನಿಮಿಷದ ದಾರಿ. ಔಷಧಿ ಅಂಗಡಿ, ಇಸ್ತ್ರಿಯವನ ಬಂಡಿ, ಬೀಗ ರಿಪೇರಿಯವನ ಕೊಡೆ, ಒಂದೊಂದೂ ಬೇಕೆಂದೇ ನಿಧಾನವಾಗಿ ಹಿಂದೆ ಸರಿಯುತ್ತಿವೆ ಅನ್ನಿಸಿತು. ಓಡಬೇಕು ಅನ್ನಿಸಿತು, ಓಡಿದರೆ ಬೇಗ ಗೊತ್ತಾಗಿಬಿಡುತ್ತದೆ ಎಂದು ಓಡಲಿಲ್ಲ. ಬೀಗದವನು ಯಾವುದೋ ಗಿರಾಕಿಗೆ, ಒಳಗಿಂದ ತಾನಾಗೇ ಬಿಚ್ಕೊಳ್ಳತ್ತೆ ಸಾರ್, ಒಡೆಯೋದು ಬೇಡ, ಅನ್ನುತ್ತಿದ್ದ. ಮಹಡಿಯ ಮೆಟ್ಟಿಲು ಹತ್ತುವಾಗ ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಕೇಳಿತು. ಅವಳು ಮೆಟ್ಟಿಲ ಮೇಲೇ ನಿಂತಳು. ಮನೆಯಲ್ಲಿ ಮಗುವಿಗೆ ಏನಾದರೂ ಆಗಿದ್ದರೆ ಯಾರೂ ಬಟ್ಟೆ ಹೊಲಿಯುವುದಿಲ್ಲ. ಹೊಲಿಯುತ್ತಾರೆಯೇ? ಹೊಲಿಯುವುದಿಲ್ಲ. ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು.

ಯಾಕಮ್ಮ ಯಂತ್ರದ ಕೆಳಗೆ, ಬಟ್ಟೆಯ ಚೂರುಗಳ ರಾಶಿಯಲ್ಲಿ ಕೂತು ಗುಂಡಿಗಳನ್ನು ಬಣ್ಣ ಬಣ್ಣವಾಗಿ ಬೇರ್ಪಡಿಸುತ್ತಿದ್ದಳು. ಅಜ್ಜಿ ಪೆಡಲು ನಿಲ್ಲಿಸಿದರು. ಎದ್ದು ಹೋಗಿ, ಕಿಟಕಿಯ ಕಟ್ಟೆಯ ಮೇಲಿಂದ ಒಂದು ಚಹದ ಸಾಸರು ತಂದು ಅವಳ ಮುಂದೆ ಹಿಡಿದರು. ಸಾಸರಿನ ನಡುವೆ, ತೊಳೆದು ಒರೆಸಿದ, ಕೆಂಪು ಮೈಯ, ಕಪ್ಪು ಕಣ್ಣಿನ ಒಂದು ಗುಲಗಂಜಿ.

"ತಗೊಳ್ಳಿ," ಎಂದರು ಅಜ್ಜಿ. "ನಿಮ್ಮ ಶಾಲೆ ಆಸ್ತಿ. ಬೆಳಗ್ಗೆ ಬಂತು."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೊಟ್ಟೆಯೊಳಗೆ ಯಾರೋ ತಣ್ಣನೆಯ ಹಾಲು ಹೊಯ್ದ ಹಾಗೆ ಏನೋ ನಿಧಾನವಾಗಿ ಇಳಿಯಿತು. ಅಳು ಬರಬೇಕಾಗಿತ್ತು, ನಗು ಬಂತು, ಮೂಗಿನಿಂದ ಬಂತು, ನಿಲ್ಲಲಿಲ್ಲ. ಅಜ್ಜಿಯೂ ನಕ್ಕರು. "ನಲವತ್ತು ವರ್ಷದಿಂದ ಬಿದ್ದ ಗುಂಡಿ ಹುಡುಕಿದ ಕಣ್ಣು ಇದು. ಆದ್ರೂ ಇಂಥ ಕಡೆ ಹುಡುಕಿರ್ಲಿಲ್ಲ ಬಿಡಿ!"

"ಡಾಕ್ಟ್ರು?"

"ಕೂತ್ಕೊಳ್ಳಿ ಮೊದ್ಲು. ನಿನ್ನೆ ಮನೆಗೆ ಬಂದವಳೇ, ಅಜ್ಜಿ ನನ್ನ ಹೊಟ್ಟೇಲಿ ಒಂದು ಗುಟ್ಟಿದೆ ಅಂದ್ಲು. ನೀವು ಗೇಟಲ್ಲಿ ತೋರಿಸಿರಲಿಲ್ಲ ಅಂದಿದ್ರೆ ನಾನು ಅದನ್ನ ಮಗೂ ಮಾತು ಅಂತ ಬಿಟ್ಬಿಡ್ತಿದ್ದೆ. ತಕ್ಷಣ ಎತ್ಕೊಂಡು ಓಡಿದೆ. ಸಂಜೆ ತನಕ ಅಲ್ಲೇ ಮಲಗಿಸಿ ನೋಡ್ಕೊಂಡ್ರು. ಇವತ್ತು ಇದನ್ನೂ ತಗೊಂಡು ಹೋಗಿ ತೋರಿಸಿದೆ. ಭೂತಗನ್ನಡಿ ಹಿಡಿದು ನೋಡಿದ್ರು. ಒಂದು ಗೀರಿಲ್ಲ. ಹಲ್ಲು ತಾಗೇ ಇಲ್ಲ, ಇನ್ನು ಹೆದರ್ಬೇಡಿ, ಎರಡು ದಿನ ಕಣ್ಣಿಟ್ಟಿರಿ ಅಂದ್ರು."

"ನಿನ್ನೆಯಿಂದ ಎಷ್ಟು ಸಲ ಫೋನ್ ಮಾಡಿದೆ ಅಜ್ಜಿ."

ಅಜ್ಜಿ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ನೋಡಿದೆ. ಇವಳ ಅಪ್ಪ ಅಮ್ಮನೂ ಎತ್ತಿ ಎತ್ತಿ ಅಂದ್ರು. ಎತ್ತಲಿಲ್ಲ. ಶಾಲೆಗೆ ನಾನೇ ತಿಳಿಸ್ತೀನಿ ಅಂತ ಡಾಕ್ಟ್ರಿಗೂ ಹೇಳಿಬಿಟ್ಟಿದ್ದೆ. ಸುಳ್ಳು ಯಾಕೆ ಹೇಳ್ಲಿ, ನನಗೆ ಕೋಪ ಇತ್ತು. ನಾವು ಒದ್ದಾಡ್ತಿದೀವಿ, ಅವಳೂ ಒಂದು ರಾತ್ರಿ ಒದ್ದಾಡ್ಲಿ ಅನ್ನಿಸ್ತು. ಬೆಳಗ್ಗೆ ಇದು ಕೈಗೆ ಸಿಕ್ಕಾಗ ಕೋಪ ಎಲ್ಲಿ ಹೋಯ್ತೋ ಕಾಣೆ. ಪಾಪ ಆ ಹುಡುಗಿ ನಿದ್ದೆ ಮಾಡಿರಲ್ಲ ಅಂತ ಅನ್ನಿಸಿಬಿಡ್ತು."

ಅವಳು ತಲೆಯಾಡಿಸಿದಳು. ಬೈಗುಳ ತಿಂದದ್ದಕ್ಕಿಂತ, ಕ್ಷಮೆ ಸಿಕ್ಕಿದ್ದಕ್ಕಿಂತ, ತನಗೆ ಬರಬೇಕಾದದ್ದು ಇಷ್ಟು ನೇರವಾಗಿ, ತೂಕ ತಪ್ಪದೆ ಬಂದು, ಮುಗಿದೂ ಹೋಯಿತು ಎಂಬುದು ಅವಳಿಗೆ ಹೇಳಲಾಗದಷ್ಟು ನೆಮ್ಮದಿ ಕೊಟ್ಟಿತು. ಕೆಳಗೆ ಬಾಗಿ ಯಾಕಮ್ಮನ ಪಕ್ಕ, ಚೂರು ಬಟ್ಟೆಗಳ ಮೇಲೇ ಕೂತಳು.

"ಯಾಕೆ ನುಂಗಿದ್ದು ಪುಟ್ಟ? ಬಾಯಿಗೆ ಹಾಕಬಾರದು ಅಂದಿದ್ನಲ್ಲ."

ಯಾಕಮ್ಮ ತಲೆ ಎತ್ತದೆ ಒಂದು ನೀಲಿ ಗುಂಡಿಯನ್ನು ನೀಲಿ ಗುಂಡಿಗಳ ಜೊತೆ ಸೇರಿಸಿದಳು. "ಬಾಯಲ್ಲಿ ಇಟ್ಕೊಳ್ಳಲೇ ಇಲ್ಲ. ಹೊಟ್ಟೇಲಿ ಇಟ್ಟೆ. ನೀವೇ ಹೇಳಿದ್ರಲ್ಲ, ಬೀಜಕ್ಕೆ ಕತ್ತಲು ಬೇಕು, ಬೆಚ್ಚಗಿರ್ಬೇಕು, ಒದ್ದೆ ಇರ್ಬೇಕು ಅಂತ. ಲೋಟದಲ್ಲಿ ಬೆಚ್ಚಗೆ ಇರ್ಲಿಲ್ಲ."

ಹೇಳಿದ್ದು ಹೌದು. ಬಾಗಿಲಿನ ನಗುವಿಗೆ ಕೇಳಿಸಲೆಂದು ಅಷ್ಟೆಲ್ಲ ಹೇಳುತ್ತಿದ್ದಾಗ ಇಲ್ಲೊಬ್ಬಳು ಒಂದೊಂದು ಮಾತನ್ನೂ ಆಯ್ದು ಜೋಡಿಸಿಕೊಳ್ಳುತ್ತ ಕೂತಿದ್ದಳು. ನಾಲ್ಕು ವರ್ಷದ ಕೆಲಸದಲ್ಲಿ ಅವಳ ಪಾಠವನ್ನು ಯಾರೂ ಇಷ್ಟು ಗಮನವಿಟ್ಟು ಕೇಳಿರಲಿಲ್ಲ. ಅದು ಹೆಮ್ಮೆಯೋ ಹೆದರಿಕೆಯೋ ತಿಳಿಯದೆ ಅವಳು ಹುಡುಗಿಯ ನೆತ್ತಿಯ ಮೇಲೆ ಕೈ ಇಟ್ಟಳು. ನೆತ್ತಿ ಬೆಚ್ಚಗಿತ್ತು, ಎಣ್ಣೆಯ ವಾಸನೆ, ಕೂದಲಿಗೆ ಅಂಟಿದ ಒಂದು ಹಸಿರು ದಾರ.

"ಮತ್ತೆ ಯಾಕೆ ಗಿಡ ಆಗ್ಲಿಲ್ಲ ಮಿಸ್?"

"ಹೊಟ್ಟೇಲಿ ಮಣ್ಣಿಲ್ಲ ಪುಟ್ಟ. ಬೀಜಕ್ಕೆ ಮಣ್ಣೂ ಬೇಕು. ಅದನ್ನ ಹೇಳೋಕೆ ನಾನು ಮರೆತೆ."

"ಯಾಕೆ ಮರೆತ್ರಿ?"

"ಗೊತ್ತಿಲ್ಲ ಕಣೆ," ಎಂದಳು. ಅದೆಷ್ಟು ಸುಲಭವಾಗಿ ಬಂತು.

ಬೀದಿಗೆ ಬಂದು ದೊಡ್ಡ ಮೇಡಂಗೆ ಫೋನು ಮಾಡಿದಳು. ಅವರು ಎಲ್ಲ ಕೇಳಿ ಉದ್ದಕ್ಕೆ ಉಸಿರು ಬಿಟ್ಟರು. "ಉಳಿದವರಿಗೆ ನಾನೇ ಹೇಳ್ತೀನಿ. ಇನ್ಮೇಲೆ ಮನೆಯಿಂದ ಏನು ತರೋದಾದ್ರೂ ನನಗೆ ತೋರಿಸಿ ಆಮೇಲೆ ಒಳಗೆ. ಇವತ್ತು ಶಾಲೆಗೆ ಬರ್ಬೇಡಿ, ಮನೆಗೆ ಹೋಗಿ ಮಲಗಿ." ಆಮೇಲೆ, "ನಾನಾಗಿದ್ರೆ ಹೇಳ್ತಿರ್ಲಿಲ್ಲ. ಸಂಜೆ ತನಕ ಕಾಯ್ತಿದ್ದೆ," ಎಂದು, ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟರು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಟಿಕೆಟು ಕೈಯಲ್ಲಿ ಹಿಡಿದದ್ದು ನೆನಪಿದೆ, ಮೊದಲ ಸಿಗ್ನಲ್ಲು ನೆನಪಿದೆ. ಆಮೇಲೆ ಯಾರೋ ಸೀಟಿನ ಕಂಬಿಯನ್ನು ಟಣ್ ಟಣ್ ಎಂದು ಬಡಿದರು. ಕಣ್ಣು ಬಿಟ್ಟರೆ ಬಸ್ಸು ನಿಂತಿದೆ, ಖಾಲಿ ಸೀಟುಗಳ ಮೇಲೆ ಮಧ್ಯಾಹ್ನದ ಬಿಸಿಲು, ಎದುರಿಗೆ ಕಂಡಕ್ಟರು.

"ಕೊನೇ ಸ್ಟಾಪ್ ಅಮ್ಮ. ಎಲ್ಲಿ ಇಳೀಬೇಕಿತ್ತು?"

ಅವಳು ಹೇಳಿದಳು.

"ಅದು ಹೋಗಿ ಅರ್ಧ ಗಂಟೆ ಆಯ್ತು! ಎರಡು ಸಲ ಕೂಗಿದೆ, ಕೇಳಿಸ್ಕೊಳ್ಳಲೇ ಇಲ್ಲ. ಅಂಥ ನಿದ್ದೆ." ಕಂಡಕ್ಟರು ಅವಳ ಮುಖ ನೋಡಿ ದನಿ ತಗ್ಗಿಸಿದ. "ಇಳೀಬೇಡಿ, ಇದೇ ಗಾಡಿ ವಾಪಸ್ ಹೋಗತ್ತೆ. ಡ್ರೈವರು ಟೀ ಕುಡಿಯೋಕೆ ಹೋಗಿದಾನೆ. ಹತ್ತು ನಿಮಿಷ ಆಗಬಹುದು, ಪರವಾಗಿಲ್ವಾ?"

"ಪರವಾಗಿಲ್ಲ," ಎಂದಳು. ಕಾಲು ಚಾಚಿ, ಚಪ್ಪಲಿಯಿಂದ ಪಾದ ಬಿಡಿಸಿ, ಎದುರು ಸೀಟಿನ ಕಂಬಿಯ ಮೇಲಿಟ್ಟಳು. "ನಿಧಾನವಾಗಿ ಕುಡೀಲಿ."